ಕ್ಷಣಕಾಲ ‘ಕಳೆದುಹೋಗುವ’ ಮಗು: ಔಷಧ ಬೇಕೇ, ಬೇಡವೇ?

ಗಟ್ಟಿಯಾಗಿ ಪಾಠ ಓದುತ್ತಿರುವ ಮಗು ವಾಕ್ಯದ ನಡುವೆ ಏಕಾಏಕಿ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ನೋಟ ಮಾತ್ರ ಶೂನ್ಯ. ರೆಪ್ಪೆಗಳು ಸಣ್ಣಗೆ ಅದುರುತ್ತವೆ. ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ ಏನೂ ಆಗದಂತೆ ಓದು ಮುಂದುವರಿಯುತ್ತದೆ. ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ಹೀಗಾಗಿ ‘ಪಾಠದ ಮೇಲೆ ಲಕ್ಷ್ಯವಿಲ್ಲ’ ಎಂಬ ದೂರು ಶಾಲೆಯಿಂದ ಬರುತ್ತದೆಯೇ ಹೊರತು, ಇದು ಮೂರ್ಛೆರೋಗದ ಒಂದು ರೂಪ ಎಂಬ ಅನುಮಾನ ಬೇಗನೆ ಯಾರಿಗೂ ಬಾರದು.

ವೈದ್ಯರು ಇದನ್ನು ‘ಆಬ್ಸೆನ್ಸ್ ಸೀಜರ್’ ಎನ್ನುತ್ತಾರೆ. ಮಗು ಎದುರಿಗಿದ್ದೂ ಇಲ್ಲದಂತಾಗುವ ಸೆಳವು ಎಂದು ಇದನ್ನು ಅರ್ಥೈಸಬಹುದು. ಹಿಂದೆ ಇದಕ್ಕೆ ‘ಪೆಟಿ ಮಾಲ್’ ಎಂಬ ಹೆಸರಿತ್ತು. ಸಾಮಾನ್ಯವಾಗಿ 4ರಿಂದ 10 ವರ್ಷದೊಳಗೆ ಆರಂಭವಾಗುವ ಈ ತೊಂದರೆ ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು. ದಿನಕ್ಕೆ ಹತ್ತಾರು ಸಲ, ಕೆಲವರಲ್ಲಿ ನೂರಕ್ಕೂ ಹೆಚ್ಚು ಸಲ ಸೆಳವು ಬರಬಹುದು.

ರೋಗ ಪತ್ತೆಯಾದೊಡನೆ ಪೋಷಕರ ಮುಂದೆ ಕಠಿಣ ಪ್ರಶ್ನೆಯೊಂದು ಬಂದು ನಿಲ್ಲುತ್ತದೆ. ಕೆಲವೇ ಸೆಕೆಂಡುಗಳ ತೊಂದರೆಗಾಗಿ ಎಳೆಯ ಮಗುವಿಗೆ ವರ್ಷಗಟ್ಟಲೆ, ಅದೂ ಮೆದುಳಿನ ಮೇಲೆ ಕೆಲಸ ಮಾಡುವ ಔಷಧ ಕೊಡಬೇಕೇ? ಬೆಳೆದಂತೆ ತಾನಾಗಿಯೇ ಹೋಗುವುದಾದರೆ ಕಾಯಬಾರದೇ? ಪ್ರಶ್ನೆ ಸಹಜವಾದುದೇ. ಆದರೆ ಉತ್ತರ ಕಂಡುಕೊಳ್ಳುವ ಮುನ್ನ ಔಷಧದ ಅಡ್ಡಪರಿಣಾಮಗಳ ಜತೆಗೆ, ಔಷಧ ಕೊಡದಿದ್ದರೆ ಆಗುವ ನಷ್ಟವನ್ನೂ ತಕ್ಕಡಿಯಲ್ಲಿಟ್ಟು ನೋಡುವುದು ಅಗತ್ಯ.

ಮೊದಲು ರೋಗ ಖಚಿತವಾಗಲಿ

ಹಗಲುಗನಸಿನಲ್ಲಿ ಮುಳುಗಿದ ಮಗು ಹೆಸರು ಹಿಡಿದು ಕರೆದರೆ ಅಥವಾ ಭುಜ ಮುಟ್ಟಿದರೆ ಎಚ್ಚೆತ್ತುಕೊಳ್ಳುತ್ತದೆ. ಸೆಳವಿನಲ್ಲಿರುವ ಮಗು ಯಾವುದಕ್ಕೂ ಸ್ಪಂದಿಸುವುದಿಲ್ಲ. ಹಗಲುಗನಸು ಬೇಸರದ ಹೊತ್ತಿನಲ್ಲಿ ಬಂದರೆ, ಸೆಳವು ಆಟ, ಊಟ, ಮಾತಿನ ನಡುವೆಯೂ ಬರುತ್ತದೆ. ಬಂದಷ್ಟೇ ಥಟ್ಟನೆ ಹೋಗುತ್ತದೆ. ಅಂತಹ ಒಂದೆರಡು ಘಟನೆಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ತೋರಿಸಿದರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

ತಪಾಸಣೆಯ ವೇಳೆ ವೈದ್ಯರು ಮಗುವಿಗೆ ಸುಮಾರು ಮೂರು ನಿಮಿಷ ದೀರ್ಘವಾಗಿ, ವೇಗವಾಗಿ ಉಸಿರಾಡಲು ಹೇಳುತ್ತಾರೆ. ಚಿಕಿತ್ಸೆ ಪಡೆಯದ ಬಹುಪಾಲು ಮಕ್ಕಳಲ್ಲಿ ಆಗ ಸೆಳವು ಕಾಣಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಇಇಜಿಯಲ್ಲಿ ಸೆಕೆಂಡಿಗೆ ಸುಮಾರು ಮೂರರಂತೆ ಮೊನಚು ಅಲೆಗಳು ಮೂಡುತ್ತವೆ. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ವಿವರಿಸಿದ ಈ ಗುರುತೇ ಇಂದಿಗೂ ರೋಗನಿರ್ಣಯದ ಮುಖ್ಯ ಆಧಾರ.

ಈ ಖಚಿತತೆಗೆ ಮಹತ್ವವಿದೆ. ಬೇರೆ ಬಗೆಯ ಮೂರ್ಛೆಗಳಿಗೆ ಧಾರಾಳವಾಗಿ ಬಳಸುವ ಕಾರ್ಬಮಜೆಪಿನ್, ಫೆನಿಟಾಯಿನ್‌ನಂತಹ ಔಷಧಗಳು ಈ ಸೆಳವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಬಲ್ಲವು. 4 ವರ್ಷಕ್ಕೂ ಮೊದಲೇ ಸೆಳವು ಶುರುವಾಗಿದ್ದರೆ, ಮೆದುಳಿಗೆ ಗ್ಲೂಕೋಸ್ ಸಾಗಿಸುವ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ದೋಷವಿದೆಯೇ ಎಂದು ನೋಡಬೇಕಾಗಬಹುದು. ಅದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆಯಲ್ಲ, ಕೊಬ್ಬಿನಂಶ ಹೆಚ್ಚಿರುವ ವಿಶೇಷ ಆಹಾರಕ್ರಮ.

ಹತ್ತು ಸೆಕೆಂಡಿನ ಬೆಲೆ

ದಿನಕ್ಕೆ ಐವತ್ತು ಸಲ, ಒಮ್ಮೆಗೆ ಹತ್ತು ಸೆಕೆಂಡಿನಂತೆ ಲೆಕ್ಕ ಹಾಕಿದರೂ ಮಗು ಕಳೆದುಕೊಳ್ಳುವುದು ಎಂಟು ನಿಮಿಷ ಮಾತ್ರ. ಆದರೆ ಆ ಎಂಟು ನಿಮಿಷ ಒಂದೆಡೆ ಇರುವುದಿಲ್ಲ; ದಿನವಿಡೀ ಚದುರಿರುತ್ತದೆ. ಮಗ್ಗಿ ಹೇಳುವಾಗ ಒಂದು ಸಾಲು, ಉಕ್ತಲೇಖನದಲ್ಲಿ ಒಂದು ಪದ, ಲೆಕ್ಕದಲ್ಲಿ ಒಂದು ಹಂತ ತಪ್ಪಿಹೋಗುತ್ತದೆ. ಎಳೆ ತುಂಡಾದದ್ದು ಮಗುವಿಗೇ ತಿಳಿಯದು. ಅದು ‘ದಡ್ಡ’ ಎಂಬ ಹಣೆಪಟ್ಟಿಯನ್ನೋ ಬೈಗುಳವನ್ನೋ ಮೌನವಾಗಿ ಹೊರುತ್ತದೆ.

ರಸ್ತೆ ದಾಟುವಾಗ, ಸೈಕಲ್ ತುಳಿಯುವಾಗ, ಈಜುಕೊಳದಲ್ಲಿ ಅಥವಾ ಕೆರೆಯಂಚಿನಲ್ಲಿ ಅದೇ ಹತ್ತು ಸೆಕೆಂಡು ಪ್ರಾಣಾಪಾಯ ತರಬಹುದು. ಈ ಕಾರಣಗಳಿಂದಲೇ ರೋಗ ಖಚಿತವಾದ ಮೇಲೆ ತಜ್ಞರು ಸಾಮಾನ್ಯವಾಗಿ ಔಷಧವನ್ನೇ ಸಲಹೆ ಮಾಡುತ್ತಾರೆ.

ಹಾಗೆಂದು ಇದು ಅಂದೇ, ಅಲ್ಲೇ ತೀರ್ಮಾನಿಸಬೇಕಾದ ತುರ್ತೂ ಅಲ್ಲ. ಇಇಜಿ ಮಾಡಿಸಲು, ಎರಡನೆಯ ಅಭಿಪ್ರಾಯ ಪಡೆಯಲು ಕೆಲವು ದಿನ ತೆಗೆದುಕೊಳ್ಳಬಹುದು. ಸೆಳವು ಐದು ನಿಮಿಷ ಮೀರಿದರೆ ಅಥವಾ ಕೈಕಾಲು ಸೆಟೆದು ಮಗು ಬಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರು ಔಷಧಗಳ ತುಲನೆ

ಯಾವ ಔಷಧ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ದೊರೆತದ್ದು 2010ರಲ್ಲಿ. ಅಮೆರಿಕದಲ್ಲಿ 453 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಎಥೊಸಕ್ಸಿಮೈಡ್, ವಾಲ್ಪ್ರೊಯೇಟ್, ಲ್ಯಾಮೊಟ್ರಿಜಿನ್ ಎಂಬ ಮೂರು ಔಷಧಗಳನ್ನು ಅದರಲ್ಲಿ ಹೋಲಿಸಲಾಗಿತ್ತು. ಸುಮಾರು 16 ವಾರಗಳ ಬಳಿಕ ಸೆಳವು ನಿಂತು, ಔಷಧವೂ ಒಗ್ಗಿದ ಮಕ್ಕಳ ಪ್ರಮಾಣ ವಾಲ್ಪ್ರೊಯೇಟ್‌ನಲ್ಲಿ ಶೇ. 58, ಎಥೊಸಕ್ಸಿಮೈಡ್‌ನಲ್ಲಿ ಶೇ. 53, ಲ್ಯಾಮೊಟ್ರಿಜಿನ್‌ನಲ್ಲಿ ಶೇ. 29. ಮೊದಲೆರಡರ ನಡುವಿನ ಅಂತರ ಗಣನೀಯವಲ್ಲ. ಆದರೆ ಏಕಾಗ್ರತೆಯ ಕೊರತೆ ವಾಲ್ಪ್ರೊಯೇಟ್ ಪಡೆದವರಲ್ಲಿ ಶೇ. 49ರಷ್ಟಿದ್ದರೆ, ಎಥೊಸಕ್ಸಿಮೈಡ್ ಪಡೆದವರಲ್ಲಿ ಶೇ. 33ರಷ್ಟಿತ್ತು. ಓದುವ ಮಗುವಿಗೆ ಈ ವ್ಯತ್ಯಾಸ ದೊಡ್ಡದು. ಹೀಗಾಗಿ 1950ರ ದಶಕದ ಹಳೆಯ ಔಷಧವಾದ ಎಥೊಸಕ್ಸಿಮೈಡ್ ಮತ್ತೆ ಮೊದಲ ಆಯ್ಕೆಯಾಯಿತು.

ಅದಕ್ಕೂ ತನ್ನದೇ ತೊಂದರೆಗಳಿವೆ: ಹೊಟ್ಟೆನೋವು, ವಾಕರಿಕೆ, ತಲೆನೋವು, ಬಿಕ್ಕಳಿಕೆ, ಕೆಲವರಲ್ಲಿ ನಿದ್ರಾಭಂಗ. ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿದರೆ, ಊಟದ ಜತೆ ಕೊಟ್ಟರೆ ಹೊಟ್ಟೆಯ ತೊಂದರೆ ತಗ್ಗುತ್ತದೆ. ಕೈಕಾಲು ಸೆಟೆಯುವ ದೊಡ್ಡ ಮೂರ್ಛೆಯೂ ಇರುವ ಮಗುವಿಗೆ ಇದೊಂದೇ ಸಾಲದು. ಅಲ್ಲಿ ವಾಲ್ಪ್ರೊಯೇಟ್‌ನ ಪ್ರಶ್ನೆ ಏಳುತ್ತದೆ. ಆದರೆ ವಾಲ್ಪ್ರೊಯೇಟ್‌ನಿಂದ ತೂಕ ಏರಬಹುದು, ಅಪರೂಪಕ್ಕೆ ಯಕೃತ್ತಿಗೆ ಹಾನಿಯಾಗಬಹುದು. ಗರ್ಭಿಣಿಯರು ಸೇವಿಸಿದರೆ ಶಿಶುವಿನ ಅಂಗರಚನೆಗೂ ಬುದ್ಧಿ ಬೆಳವಣಿಗೆಗೂ ಗಂಭೀರ ಧಕ್ಕೆ ಉಂಟಾಗುವುದು ದೃಢಪಟ್ಟಿದೆ. ಆದ್ದರಿಂದ ಹೆಣ್ಣುಮಗುವಿಗೆ ಇದನ್ನು ಆರಂಭಿಸುವಾಗಲೇ, ಪ್ರಾಯಕ್ಕೆ ಬರುವ ಮುನ್ನ ಏನು ಮಾಡಬೇಕೆಂದು ವೈದ್ಯರೊಡನೆ ಚರ್ಚಿಸುವುದು ಒಳಿತು. ಲ್ಯಾಮೊಟ್ರಿಜಿನ್‌ನಿಂದ ಮೈಮೇಲೆ ದದ್ದು ಎದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮಾತ್ರೆ ಮಾಡದ ಕೆಲಸ

ಇದೇ ಅಧ್ಯಯನದ ಇನ್ನೊಂದು ಅಂಶ ಪೋಷಕರು ಗಮನಿಸಬೇಕಾದುದು. ಚಿಕಿತ್ಸೆಗೆ ಮುನ್ನವೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಲ್ಲಿ ಏಕಾಗ್ರತೆಯ ಕೊರತೆಯಿತ್ತು. ಸೆಳವು ನಿಂತ ಮೇಲೂ ಹಲವರಲ್ಲಿ ಅದು ಉಳಿಯಿತು. ಔಷಧ ಸೆಳವನ್ನು ತಡೆಯುತ್ತದೆ, ತಪ್ಪಿಹೋದ ಪಾಠವನ್ನು ಕಲಿಸಿಕೊಡದು. ಶಿಕ್ಷಕರಿಗೆ ವಿಷಯ ತಿಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ತಪ್ಪಿದ್ದನ್ನು ಮತ್ತೊಮ್ಮೆ ಹೇಳಿಕೊಡುವ ವ್ಯವಸ್ಥೆ ಔಷಧದಷ್ಟೇ ಮುಖ್ಯ.

ಅನೇಕ ಮನೆಗಳಲ್ಲಿ ಅಳುಕು ಹುಟ್ಟುವುದು ಇಲ್ಲಿಯೇ. ‘ಮೂರ್ಛೆರೋಗ’ ಎಂಬ ಮಾತು ಹೊರಗೆ ಹೋದರೆ ಮುಂದೆ ಮದುವೆಗೆ ಅಡ್ಡಿಯಾದೀತು ಎಂಬ ಭಯದಿಂದ ಔಷಧವನ್ನೂ ರೋಗವನ್ನೂ ಮುಚ್ಚಿಡುವವರಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಲ್ಲಿ ಈ ರೋಗದ ಹೆಸರಿತ್ತು, ನಿಜ. ಆದರೆ 1999ರ ತಿದ್ದುಪಡಿ ಅದನ್ನು ತೆಗೆದುಹಾಕಿದೆ. ಕಾನೂನು ಕೈಬಿಟ್ಟ ಭಯಕ್ಕೆ ಮಗುವಿನ ಶಾಲಾ ವರ್ಷಗಳನ್ನು ಒತ್ತೆಯಿಡುವುದು ತರವಲ್ಲ.

ಎಷ್ಟು ಕಾಲ?

ಇದು ಜೀವನಪೂರ್ತಿ ನುಂಗಬೇಕಾದ ಮಾತ್ರೆಯೆಂದು ತಿಳಿಯಬೇಕಿಲ್ಲ. ಸುಮಾರು ಮೂರನೇ ಎರಡು ಭಾಗದಷ್ಟು ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ರೋಗ ಗುಣವಾಗುತ್ತದೆ. ಎರಡು ವರ್ಷ ಸೆಳವಿಲ್ಲದೆ ಕಳೆದರೆ, ಇಇಜಿ ನೋಡಿ ಔಷಧವನ್ನು ಹಂತಹಂತವಾಗಿ ನಿಲ್ಲಿಸುವುದು ವಾಡಿಕೆ. ಉಳಿದವರಲ್ಲಿ ಕೆಲವರಿಗೆ ರೋಗ ಬೇರೆ ರೂಪದಲ್ಲಿ ಮುಂದುವರಿಯಬಹುದು; ಬೆಳಗ್ಗೆ ಎದ್ದೊಡನೆ ಕೈ ಜುಮ್ಮೆಂದು ಎಗರಿ ಲೋಟ ಜಾರುವಂತಹ ಲಕ್ಷಣವನ್ನು ಅಲಕ್ಷಿಸಬಾರದು. ಪೋಷಕರು ತಾವಾಗಿಯೇ ಔಷಧವನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕರ.

ಈ ಮಗುವಿಗೆ ಇದೇ ಔಷಧ ಏಕೆ, ಅದು ಮಾರುಕಟ್ಟೆಯಲ್ಲಿ ನಿಯಮಿತವಾಗಿ ಸಿಗುತ್ತದೆಯೇ, ಕೆಲಸ ಮಾಡುತ್ತಿದೆಯೆಂದು ಯಾವಾಗ ಮತ್ತು ಹೇಗೆ ಪರೀಕ್ಷಿಸಲಾಗುತ್ತದೆ, ನಿಲ್ಲಿಸುವ ಯೋಚನೆ ಯಾವಾಗ – ಈ ನಾಲ್ಕು ಪ್ರಶ್ನೆಗಳನ್ನು ಮೊದಲ ಚೀಟಿ ಬರೆಸಿಕೊಳ್ಳುವಾಗಲೇ ಕೇಳುವುದು ಪೋಷಕರ ಹಕ್ಕು. ಸಮರ್ಪಕ ಉತ್ತರ ದೊರೆತಲ್ಲಿ ಔಷಧ ಆರಂಭಿಸಲು ಅಂಜಬೇಕಾಗಿಲ್ಲ.