ರಾಷ್ಟ್ರಧ್ವಜದ ವರ್ಣಗಳೂ ಸಹ್ಯಮಿತಿಯ ನಿರ್ಣಯವೂ

ಅಂಕೋಲೆಯಿಂದ ಹೊರಟು ಅಗಸೂರಿನ ಮೇಲೆ ಹಾದು ಘಟ್ಟವನ್ನೇರುವ ಹೆದ್ದಾರಿಯು ಹುಬ್ಬಳ್ಳಿಯನ್ನು ಸೇರುತ್ತದೆ. ಮಾರ್ಗದ ಈ ತುದಿಯಲ್ಲಿ 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆ ತುದಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುತ್ತದೆ. ಸತ್ಯಾಗ್ರಹದ ಕಾಲದ ಧ್ವಜದಲ್ಲಿದ್ದುದು ಬಿಳಿ, ಹಸಿರು, ಕೆಂಪು. ಕಾಂಗ್ರೆಸ್ಸು ಕೇಸರಿಯನ್ನು ಸ್ವೀಕರಿಸಿದ್ದು 1931ರಲ್ಲಿ. ಬಣ್ಣವನ್ನು ಅಂಕೆಗಳಲ್ಲಿ ನಿರೂಪಿಸುವ ಅಂತರರಾಷ್ಟ್ರೀಯ ಪದ್ಧತಿಯೂ ಅದೇ ವರ್ಷ ರೂಪುಗೊಂಡಿತೆಂಬುದು ಕೇವಲ ಯೋಗಾಯೋಗ. ಆದರೆ ಇವೆರಡೂ ಮುಂದೆ ಒಂದೇ ದಾಖಲೆಯಲ್ಲಿ ಕೂಡಿದವು.

ಸಂವಿಧಾನ ಸಭೆಯು 1947ರ ಜುಲೈ 22ರಂದು ಅಂಗೀಕರಿಸಿದ ನಿರ್ಣಯದಲ್ಲಿ ಬಣ್ಣಗಳ ಹೆಸರು ಮಾತ್ರವಿದೆ: ಗಾಢ ಕೇಸರಿ, ಬಿಳಿ, ಗಾಢ ಹಸಿರು. ಗಾಢವೆಂದರೆ ಎಷ್ಟು ಗಾಢ? ಭಾರತೀಯ ಮಾನಕ ಸಂಸ್ಥೆಯು 1951ರಲ್ಲಿ ಪ್ರಕಟಿಸಿ 1968ರಲ್ಲಿ ಪರಿಷ್ಕರಿಸಿದ ಧ್ವಜಮಾನಕವು ಇದಕ್ಕೆ ಅಂಕೆಗಳಲ್ಲಿ ಉತ್ತರಿಸುತ್ತದೆ. ಕೇಸರಿಯ ವರ್ಣಾಂಕಗಳು 0.538 ಮತ್ತು 0.360, ಹೊಳಪು ಶೇಕಡ 21.5, ಹಸಿರಿನವು 0.288 ಮತ್ತು 0.395, ಹೊಳಪು ಶೇಕಡ 8.9.

ಆದರೆ ಬಣ್ಣದ ಎರಡು ಹದಗಳು ಎಂದಿಗೂ ಒಂದೇ ಆಗವು. ಕೈನೂಲಿನ ಎಳೆಯೂ ಒಂದೇ ಸಮನಾಗಿರದು. ಎಷ್ಟು ವ್ಯತ್ಯಾಸವನ್ನು ಒಪ್ಪಬಹುದೆಂಬ ಗೆರೆಯನ್ನು ಇಲ್ಲಿ ಸಹ್ಯಮಿತಿಯೆಂದು ಕರೆದಿದ್ದೇವೆ. ಅದನ್ನು ಬಿಗಿದರೆ ನೂಲುವವರ, ನೇಯುವವರ ದುಡಿಮೆ ತಿರಸ್ಕೃತವಾಗುತ್ತದೆ. ಸಡಿಲಿಸಿದರೆ ಅಕ್ಕಪಕ್ಕದ ಎರಡು ಧ್ವಜಗಳು ಎರಡು ಬಣ್ಣವಾಗಿ ಕಾಣುತ್ತವೆ.

ವರ್ಣಮಾಪಕ ಯಂತ್ರವು ಬಟ್ಟೆಯಿಂದ ಮರಳಿದ ಬೆಳಕನ್ನು ಅಳೆದು ಮೂರು ಅಂಕೆಗಳನ್ನು ಕೊಡುತ್ತದೆ: ತಿಳಿ–ಕಪ್ಪು, ಕೆಂಪು–ಹಸಿರು, ಹಳದಿ–ನೀಲಿ. ಮಾದರಿಗೂ ಪರೀಕ್ಷಿಸುವ ಬಟ್ಟೆಗೂ ಇವುಗಳಲ್ಲಿ ಕ್ರಮವಾಗಿ 0.4, 0.8, 0.8ರಷ್ಟು ಅಂತರವಿದ್ದರೆ, ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ ಒಟ್ಟು ವರ್ಣಭೇದ 1.2 ಆಗುತ್ತದೆ. 1976ರ ಸೂತ್ರವಿದು. ಒಂದನ್ನು ಮಿತಿಯೆಂದಿಟ್ಟು ಮೂರು ಪಟ್ಟಿಗಳಿಗೂ ಅನ್ವಯಿಸಿದರಾಯಿತೆಂದು ತೋರುವುದು ಸಹಜ. ಇದು ಸರಿಯಲ್ಲ. ಬಿಳಿಯಲ್ಲಿ ಅಷ್ಟೇ ಪ್ರಮಾಣದ ಹಳದಿ ಸೇರಿದರೆ ಕಣ್ಣು ಒಡನೆ ಗುರುತಿಸುತ್ತದೆ. ತೀವ್ರವಾದ ಕೇಸರಿಯಲ್ಲಿ ಅದು ಗಮನಕ್ಕೇ ಬಾರದು. ಬಣ್ಣದ ಛಾಯೆ ಬದಲಾದರೆ ಸಹಿಸದ ಕಣ್ಣು ಹೊಳಪಿನ ಬದಲಾವಣೆಯನ್ನು ಕೊಂಚ ಸಹಿಸುತ್ತದೆ. ಆದುದರಿಂದಲೇ ಬ್ರಿಟನ್ನಿನ ಬಣ್ಣಗಾರರ ಸಂಘದ ಸಮಿತಿಯು 1984ರಲ್ಲಿ, ಬಣ್ಣದ ಸ್ಥಾನಕ್ಕೆ ತಕ್ಕಂತೆ ಮಿತಿಯೂ ಹಿಗ್ಗುವ, ಕುಗ್ಗುವ ಸೂತ್ರವನ್ನು ರಚಿಸಿತು. ಬಟ್ಟೆಯ ಉದ್ಯಮದಲ್ಲಿ ಹೊಳಪಿಗೆ ಎರಡು ಪಾಲು, ತೀವ್ರತೆಗೆ ಒಂದು ಪಾಲು ಸಡಿಲ ಕೊಡುವ ವಾಡಿಕೆಯಿದೆ.

ಮಿತಿಯನ್ನು ಗೊತ್ತುಪಡಿಸುವ ಕ್ರಮ ಹೀಗೆ. ಯಂತ್ರವನ್ನು ಬಿಳಿಯ ಬಿಲ್ಲೆಯಿಂದ ಸರಿಹೊಂದಿಸಿಕೊಂಡು, ಹಿಂಬದಿ ತೋರದಂತೆ ಖಾದಿಯನ್ನು ಹಲವು ಪದರ ಮಡಿಸಿ, ನಾಲ್ಕಾರು ಕಡೆ ತಿರುಗಿಸಿ ಅಳೆದು ಸರಾಸರಿ ತೆಗೆಯಬೇಕು. ಮಾದರಿಯ ಬಟ್ಟೆಯಲ್ಲಿಯೇ ಒಂದೆಡೆಯಿಂದ ಇನ್ನೊಂದೆಡೆಗೆ ಕಾಣುವ ವ್ಯತ್ಯಾಸಕ್ಕಿಂತ ಕಡಿಮೆ ಮಿತಿಯನ್ನಿಡುವುದು ನಿರರ್ಥಕ. ಅನಂತರ ಹಿಂದಿನ ಹದಗಳ ತುಂಡುಗಳನ್ನು ಅನುಭವಸ್ಥರ ಮುಂದೆ ಒಂದೇ ಬೆಳಕಿನಲ್ಲಿರಿಸಿ, ಅವರು ಒಪ್ಪಿದವನ್ನೂ ತಳ್ಳಿದವನ್ನೂ ಬೇರೆಬೇರೆಯಾಗಿ ಅಳೆಯಬೇಕು. ಎರಡರ ನಡುವೆ ಬೀಳುವ ಗೆರೆಯೇ ಸಹ್ಯಮಿತಿ. ಯಂತ್ರವು ಮನುಷ್ಯರ ತೀರ್ಪನ್ನು ನೆನಪಿಡುತ್ತದೆಯೇ ಹೊರತು ತಾನಾಗಿ ತೀರ್ಪು ಕೊಡುವುದಿಲ್ಲ. ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಇದೇ ಕಾರಣ.

2021ರ ಡಿಸೆಂಬರಿನ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದ ನೇಯ್ಗೆಗೂ ಅನುಮತಿ ದೊರೆತಿದೆ. ಪಾಲಿಯೆಸ್ಟರಿಗೆ ಹಿಡಿಯುವ ಬಣ್ಣದ ಜಾತಿ ಹತ್ತಿಯದಕ್ಕಿಂತ ಬೇರೆ. ಹಗಲಿನಲ್ಲಿ ಖಾದಿಯ ಕೇಸರಿಗೆ ಹೊಂದಿದ ಪಾಲಿಯೆಸ್ಟರ್ ಕೇಸರಿಯು ಸಭಾಭವನದ ದೀಪದಡಿ ಹೊಂದದೆ ಹೋಗಬಹುದು. ಇಂಥ ಎರಡು ಬಟ್ಟೆಗಳನ್ನು ತುಲನೆ ಮಾಡುವಾಗ ಒಂದು ಬೆಳಕಿನ ಅಂಕೆ ಸಾಲದು. ಹಗಲು ಮತ್ತು ದೀಪ, ಎರಡಕ್ಕೂ ಬೇರೆಬೇರೆ ಮಿತಿಯನ್ನು ಯಂತ್ರದಲ್ಲಿ ನಮೂದಿಸಬೇಕು.