ಪ್ಯಾಕೆಟ್ ಮೇಲೆ ಬಾಸ್, ಹೊಳೆಯಲ್ಲಿ ಮರಲ್

ಹಿಡಕಲ್ ಜಲಾಶಯದ ದಂಡೆಗೆ, ಗೋಕಾಕದ ಹೊಳೆಸಾಲಿಗೆ, ಮೂಡಲಗಿ ಕಡೆಯ ಕೆರೆಗಳಿಗೆ ರಜೆಯ ದಿನ ಗಾಳ ಹಿಡಿದು ಬರುವವರ ಕೈಯಲ್ಲಿ ಬಿದಿರಿನ ಕೋಲು ಈಗ ಕಡಿಮೆಯಾಗುತ್ತಿದೆ. ಆನ್‌ಲೈನಿನಲ್ಲಿ ತರಿಸಿದ ಕಾರ್ಬನ್ ರಾಡ್, ಮಿಂಚುವ ರೀಲ್, ಲೂರ್ ಎಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ತುಂಬಿದ ಡಬ್ಬಿ ಆ ಜಾಗಕ್ಕೆ ಬಂದಿವೆ. ಪ್ಯಾಕೆಟ್ ಮೇಲೆ ಬಾಯಿ ಅಗಲಿಸಿ ನೀರಿನಿಂದ ಜಿಗಿಯುವ ಹಸಿರು ಮೀನಿನ ಚಿತ್ರವಿರುತ್ತದೆ. ಯೂಟ್ಯೂಬಿನ ಪಾಠವೂ ಅದೇ ಮೀನಿನದು. ಅದರ ಹೆಸರು ಬಾಸ್. ಘಟಪ್ರಭೆಯಲ್ಲಿ ಅದು ಇಲ್ಲ. ಇಲ್ಲದ ಮೀನಿಗಾಗಿ ಬರೆದ ಸಲಹೆ ನಂಬಿ ಸಾವಿರಾರು ರೂಪಾಯಿ ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಸಾಮಾನು ಕೆಟ್ಟದ್ದೆಂದಲ್ಲ, ಅದನ್ನು ಆರಿಸುವಾಗ ನಮ್ಮ ನೀರನ್ನೂ ನಮ್ಮ ಮೀನನ್ನೂ ಕೇಳುವುದಿಲ್ಲವಲ್ಲ ಎಂದು. ದಂಡೆಯಲ್ಲಿ ಕೇಳಿಬರುವ ಅಂಥ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

“ಬಾಸ್ ಲೂರ್ ಹಾಕಿದರೆ ನಮ್ಮಲ್ಲೂ ಬಾಸ್ ಬೀಳುತ್ತದೆ”

ಅಗಲ ಬಾಯಿಯ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಜಪಾನಿಗೆ ಅದನ್ನು 1925ರಲ್ಲಿ ಒಯ್ದು ಬಿಟ್ಟರು. ಅಲ್ಲಿ ಅದು ಸ್ಥಳೀಯ ಮೀನುಗಳನ್ನು ತಿಂದು ಹಬ್ಬಿದ ಪರಿಣಾಮ, 2005ರಲ್ಲಿ ಜಾರಿಯಾದ ಕಾಯ್ದೆಯಡಿ ಅದನ್ನು ಜೀವಂತವಾಗಿ ಸಾಗಿಸುವುದನ್ನೇ ನಿಷೇಧಿಸಿದರು. ನಮ್ಮ ಜಲಾಶಯಕ್ಕೂ ನಾಲ್ಕು ಮರಿ ತಂದು ಬಿಡೋಣ ಎಂದು ಉತ್ಸಾಹದಿಂದ ಹೇಳುವವರು ಈ ಕಥೆಯನ್ನು ಮೊದಲು ಓದಬೇಕು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಸಿಗುವ ಕುರುಡಿ ಮೀನನ್ನು ಏಷ್ಯಾದ ಸೀ ಬಾಸ್ ಎನ್ನುತ್ತಾರೆ, ನಿಜ. ಆದರೆ ಅದರ ಕುಲವೇ ಬೇರೆ, ಹೆಸರು ಮಾತ್ರ ಕೂಡಿಬಂದಿದೆ.

ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯದ ಸೀಮೆಯಲ್ಲಿ ಬಾಸ್ ಲೂರ್‌ಗೆ ನಿಜವಾಗಿ ಎಗರುವ ಮೀನು ಮರಲ್. ದಕ್ಷಿಣದ ಜಿಲ್ಲೆಗಳಲ್ಲಿ ಕುಚ್ಚು, ಕೊರಮೀನು ಎನ್ನುವುದೂ ಇದನ್ನೇ. ಆಪಿನ ಸಂದಿ, ಅಂತರಗಂಗೆಯ ಅಂಚು, ಮುಳುಗಿದ ಜಾಲಿಗಿಡದ ಬುಡದಲ್ಲಿ ಹೊಂಚು ಹಾಕಿ ಕೂತು, ಮೇಲೆ ಹಾದ ಕಪ್ಪೆಯ ಮೇಲೆ ಒಮ್ಮೆಗೇ ಬೀಳುವುದು ಅದರ ಜಾಯಮಾನ. ಬಾಸ್‌ನ ಜಾಯಮಾನವೂ ಇದೇ ಆದ್ದರಿಂದ ಆ ಲೂರ್ ಇಲ್ಲಿ ಕೆಲಸ ಮಾಡುತ್ತದೆ. ಒಂದು ದೊಡ್ಡ ವ್ಯತ್ಯಾಸವಿದೆ: ಮರಲ್ ಕಿವಿರಿನಿಂದಷ್ಟೇ ಉಸಿರಾಡಿ ಬದುಕಲಾರದು, ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಬೆಳಗಿನ ಹೊತ್ತು ನಿಂತ ನೀರಿನ ದಂಡೆಯಲ್ಲಿ ಸುಮ್ಮನೆ ಕೂತರೆ ‘ಗುಳುಕ್’ ಎಂಬ ಸಣ್ಣ ಸದ್ದು, ಒಂದು ಉಂಗುರ, ಎರಡು ಗುಳ್ಳೆ. ಮೀನು ಇರುವ ಜಾಗ ತಿಳಿಯಲು ಬೇರೆ ಯಂತ್ರ ಬೇಡ. ಬಾಸ್ ಪಾಠಗಳಲ್ಲಿ ಇದರ ಸುಳಿವೇ ಇರುವುದಿಲ್ಲ, ಏಕೆಂದರೆ ಬಾಸ್ ಹೀಗೆ ಮೇಲೆ ಬಂದು ಉಸಿರೆಳೆಯುವ ಮೀನಲ್ಲ.

“ಲೂರ್ ಒಳ್ಳೆಯದಿದ್ದರೆ ಎಲ್ಲ ಮೀನೂ ಹಿಡಿಯುತ್ತದೆ”

ಹಿಡಿಯುವುದಿಲ್ಲ. ನಮ್ಮ ಜಲಾಶಯ, ಕೆರೆಗಳಿಗೆ ಬಿತ್ತನೆಯಾಗುವ ಕಾಟ್ಲಾ, ರೋಹು, ಮೃಗಾಲ್ ಬೇಟೆಗಾರ ಮೀನುಗಳಲ್ಲ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ನಡುನೀರಿನ ಪಾಚಿ-ಸೊಪ್ಪು ಮೇಯುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು. ಇವಕ್ಕೆ ಎಂಟುನೂರು ರೂಪಾಯಿಯ ಪ್ಲಾಸ್ಟಿಕ್ ಮೀನಿಗಿಂತ ಶೇಂಗಾ ಹಿಂಡಿ ಕಲಸಿದ ಹಿಟ್ಟಿನ ಉಂಡೆಯೇ ಮೇಲು. ಲೂರ್ ಏನಿದ್ದರೂ ಮರಲ್, ಬಾಳೆ ಮೀನಿನಂಥ ಮಾಂಸಾಹಾರಿಗಳಿಗೆ.

ಅದರಲ್ಲೂ ಮರಲ್‌ಗೆ ಒಂದೇ ಲೂರ್ ಕೊಳ್ಳುವುದಾದರೆ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಕೊಳ್ಳಿ. ಅಂಗಡಿಯಲ್ಲೇ ಅದನ್ನು ಎರಡು ಬೆರಳಿನಿಂದ ಒತ್ತಿ ನೋಡಬೇಕು. ಬೆನ್ನಿಗೆ ಒರಗಿ ಮಲಗಿದ ಎರಡು ಕೊಕ್ಕೆಗಳು ಒತ್ತಿದ ಕೂಡಲೇ ಹೊರಗೆ ಇಣುಕಬೇಕು, ಬಿಟ್ಟರೆ ಮತ್ತೆ ರಬ್ಬರಿನ ಮಗ್ಗುಲಿಗೆ ಅಡಗಬೇಕು. ಹಾಗೆ ಅಡಗುವುದರಿಂದಲೇ ಅದು ಅಂತರಗಂಗೆಯ ಮೇಲೆ ಸಿಕ್ಕಿಕೊಳ್ಳದೆ ಹರಿದು ಬರುತ್ತದೆ. ಒತ್ತಿದರೂ ಬಗ್ಗದ ಗಟ್ಟಿ ರಬ್ಬರ್ ಆದರೆ ಮೀನು ಕಚ್ಚಿದರೂ ಕೊಕ್ಕೆ ನಾಟುವುದಿಲ್ಲ, ಚೆಂದ ನೋಡಿ ಮೋಸ ಹೋಗಬೇಡಿ. ಇನ್ನು ಮೀನು ಎಗರಿದ ಸದ್ದಿಗೇ ಬೆಚ್ಚಿ ರಾಡ್ ಜಗ್ಗುವುದು ಎಲ್ಲರ ಅಭ್ಯಾಸ. ಕಪ್ಪೆ ಇನ್ನೂ ಅದರ ತುಟಿಯಲ್ಲಿರುತ್ತದೆ. ದಾರ ಬಿಗಿಯಾಗಿ ಮೀನಿನ ಭಾರ ಕೈಗೆ ತಾಗುವ ತನಕ ತಡೆದು ಜಗ್ಗಿದರೆ ಕೊಕ್ಕೆ ಸರಿಯಾಗಿ ಕೂಡುತ್ತದೆ.

“ಬಣ್ಣದಲ್ಲೇ ಗುಟ್ಟು”

ನೀರಿನ ಮೇಲೆ ತೇಲುವ ಲೂರ್ ಅನ್ನು ಮೀನು ಕೆಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ ನೋಡುತ್ತದೆ. ಅದಕ್ಕೆ ಕಾಣುವುದು ಹೊಟ್ಟೆ ಮತ್ತು ಒಟ್ಟು ಆಕಾರದ ನೆರಳು. ಬೆನ್ನಿನ ಮೇಲೆ ಬಿಡಿಸಿದ ಚುಕ್ಕೆ, ಪಟ್ಟೆ, ಹೊಳಪೆಲ್ಲ ಕೊಳ್ಳುವವರ ಕಣ್ಣಿಗಾಗಿ. ಮುಂಗಾರಿನಲ್ಲಿ ಸಹ್ಯಾದ್ರಿಯ ಮಣ್ಣು ಹೊತ್ತು ಘಟಪ್ರಭೆ ಕೆಂಪಗೆ ಬರುವಾಗ ಬಣ್ಣದ ಮಾತೇ ಇಲ್ಲ. ಆಗ ಮೀನು ಮೈಯ ಎರಡು ಬದಿಯ ಪಾರ್ಶ್ವರೇಖೆಯಿಂದ ನೀರಿನ ಅಲುಗಾಟ ಹಿಡಿದು ಬೇಟೆಯಾಡುತ್ತದೆ. ನೀರು ಕದಡುವ ಸ್ಪಿನ್ನರ್, ಬಾಲ ಬಡಿಯುವ ರಬ್ಬರ್ ಮೀನು ಆ ಹೊತ್ತಿಗೆ ಸರಿ. ಕಪ್ಪು ಒಂದು, ಬಿಳುಪು ಒಂದು, ಕಪ್ಪೆಯ ಹಸಿರು ಒಂದು ಇದ್ದರೆ ವರ್ಷವಿಡೀ ಸಾಕು.

“ಕಾಣದ ದಾರವೇ ಶ್ರೇಷ್ಠ, ದಪ್ಪ ದಾರವೇ ಗಟ್ಟಿ”

ಹೆಚ್ಚು ದುಡ್ಡು ಹಾಳಾಗುವುದು ದಾರದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಗಡಿಯಲ್ಲಿ ಮೂರು ಬಗೆಯ ದಾರ ಸಿಗುತ್ತದೆ: ನಮ್ಮ ಹಳೆಯ ತಂಗೂಸಿ ಅಂದರೆ ಒಂಟಿ ಎಳೆಯ ನೈಲಾನ್, ಅದರಂತೆಯೇ ಕಾಣುವ ಫ್ಲೋರೋಕಾರ್ಬನ್, ಹಲವು ಎಳೆ ಹೆಣೆದ ಪಾಲಿಎಥಿಲೀನ್ ಬ್ರೇಡ್. ಫ್ಲೋರೋಕಾರ್ಬನ್ ನೀರಿನಲ್ಲಿ ಮಾಯವಾಗುತ್ತದೆ ಎಂದು ಮಾರುತ್ತಾರೆ. ಬೆಳಕು ಬಾಗುವ ಪ್ರಮಾಣ ನೀರಿಗೆ 1.33, ಫ್ಲೋರೋಕಾರ್ಬನ್‌ಗೆ ಸುಮಾರು 1.42, ನೈಲಾನಿನದು ಅದಕ್ಕಿಂತ ಹೆಚ್ಚು. ಎಂದರೆ ಕಡಿಮೆ ಕಾಣುತ್ತದೆಯೇ ಹೊರತು ಕಾಣದೇ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ತೂಕ. ಫ್ಲೋರೋಕಾರ್ಬನ್ ನೀರಿಗಿಂತ ಸುಮಾರು 1.78 ಪಟ್ಟು ಸಾಂದ್ರ, ಮುಳುಗುತ್ತದೆ. ಮೇಲೆ ತೇಲಬೇಕಾದ ಕಪ್ಪೆಗೆ ಅದನ್ನು ಕಟ್ಟಿದರೆ ಮೂತಿ ನೀರೊಳಗೆ ಎಳೆದುಕೊಂಡು ಹೋಗುತ್ತದೆ. ಬ್ರೇಡ್‌ನ ಸಾಂದ್ರತೆ ಸುಮಾರು 0.97, ತೇಲುತ್ತದೆ, ಜಗ್ಗಿದರೆ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. ನೈಲಾನ್ ಧಾರಾಳವಾಗಿ ಹಿಗ್ಗುತ್ತದೆ; ಮೂವತ್ತು ಮೀಟರ್ ದೂರದಲ್ಲಿ ಮೀನು ಕಚ್ಚಿದಾಗ ನೀವು ಜಗ್ಗಿದ ಜಗ್ಗಿನ ಬಹುಪಾಲು ಆ ಹಿಗ್ಗಿನಲ್ಲೇ ಕರಗುತ್ತದೆ.

ಹಾಗಾದರೆ ಎಲ್ಲ ಕಡೆಗೂ ಬ್ರೇಡ್ ಸಾಕೇ? ಇಲ್ಲ, ಇದೂ ಒಂದು ತಪ್ಪು ಕಲ್ಪನೆಯೇ. ಹಿಡಕಲ್ ಹಿನ್ನೀರಿನ ಅಂಚಿನಲ್ಲಿ, ಆಪು ಬೆಳೆದ ಕೆರೆಯಲ್ಲಿ ಬ್ರೇಡ್‌ಗೆ ಎದುರಿಲ್ಲ. ಸೊಪ್ಪಿನ ದಂಟನ್ನು ಕೊಯ್ದುಕೊಂಡು ಬರುತ್ತದೆ, ಒಳಗೆ ನುಗ್ಗಿದ ಮರಲ್ ಅನ್ನು ಹೊರಗೆ ತರುತ್ತದೆ. ಆದರೆ ಗೋಕಾಕದ ಹೊಳೆ ಬಂಡೆಗಳ ಹೊಳೆ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಆ ಕಣಿವೆಯ ಮರಳುಗಲ್ಲಿನ ಅಂಚಿಗೆ ಬಿಗಿದ ಬ್ರೇಡ್ ಒಮ್ಮೆ ಉಜ್ಜಿದರೆ ಎಳೆಯೆಳೆಯಾಗಿ ಬಿಚ್ಚಿ ಹರಿಯುತ್ತದೆ. ಕಲ್ಲಿನ ಜಾಗದಲ್ಲಿ ಬ್ರೇಡ್‌ನ ತುದಿಗೆ ಒಂದೂವರೆ ಮೀಟರ್ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಜೋಡಿಸಿಕೊಳ್ಳಬೇಕು. ದುಬಾರಿ ಫ್ಲೋರೋಕಾರ್ಬನ್‌ಗೆ ನಿಜವಾದ ಜಾಗ ಇದು. ರೀಲ್ ತುಂಬ ಅದನ್ನೇ ಸುತ್ತುವುದು ವ್ಯರ್ಥ.

ದಪ್ಪದ ಲೆಕ್ಕವೂ ಹಾಗೆಯೇ. 30 ಪೌಂಡ್ ಬಲದ ಬ್ರೇಡ್ ಸರಿಸುಮಾರು 8 ಪೌಂಡ್ ನೈಲಾನಿನಷ್ಟೇ ದಪ್ಪ. ಹತ್ತು ಕೆಜಿ ಮೀನಿಗೆ ಹತ್ತು ಕೆಜಿ ದಾರ ಬೇಕು ಎನ್ನುವವರಿದ್ದಾರೆ. ನೀರಿನಲ್ಲಿ ಮೀನಿನ ತೂಕವನ್ನು ನೀರೇ ಹೊರುತ್ತದೆ, ಅದರ ಓಟವನ್ನು ರಾಡ್ ಮತ್ತು ರೀಲ್ ತಾಳಿಕೊಳ್ಳುತ್ತವೆ. ಮರಲ್‌ಗೆ 30-40 ಪೌಂಡ್ ಬ್ರೇಡ್ ಹಾಕಿಕೊಳ್ಳುವುದು ಮೀನಿನ ತೂಕಕ್ಕಲ್ಲ, ಸೊಪ್ಪಿನ ತೂಕಕ್ಕೆ. ಬ್ರೇಡ್ ಸುತ್ತುವ ಮುನ್ನ ಸ್ಪೂಲ್‌ಗೆ ಹತ್ತು ಸುತ್ತು ನೈಲಾನ್ ಹಾಕದಿದ್ದರೆ ಇಡೀ ಸುರುಳಿ ಒಳಗೇ ಜಾರುತ್ತದೆ. ಗಂಟು ಬಿಗಿಯುವ ಮುನ್ನ ನೀರು ಹಚ್ಚಲೇಬೇಕು. ಒಣಗಂಟು ಬಿಗಿದಾಗ ಹುಟ್ಟುವ ಬಿಸಿಗೆ ದಾರ ಅಲ್ಲೇ ಬೆಂದಿರುತ್ತದೆ. ಭೂತಗಾಜಿನಲ್ಲಿ ನೋಡಿದರೆ ಗಂಟಿನ ಪಕ್ಕದ ನೈಲಾನ್ ಗುಂಗುರು ಗುಂಗುರಾಗಿ, ಬಿಳಿಚಿಕೊಂಡು ಕಾಣುತ್ತದೆ. ‘ದೊಡ್ಡ ಮೀನು ದಾರ ಕಡಿದುಕೊಂಡು ಹೋಯಿತು’ ಎಂಬ ಕಥೆಗಳಲ್ಲಿ ಎಷ್ಟೋ ಈ ಒಣಗಂಟಿನ ಕಥೆಗಳು.

“ಬೇರಿಂಗ್ ಹೆಚ್ಚಿದ್ದಷ್ಟೂ ರೀಲ್ ಒಳ್ಳೆಯದು”

13+1 ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಸಾಧಾರಣ ಉಕ್ಕಿನ ಹದಿನಾಲ್ಕು ಬೇರಿಂಗ್‌ಗಿಂತ ಬೇಕಾದ ಕಡೆ ಕೂತ ನಾಲ್ಕೈದು ಒಳ್ಳೆಯ ಬೇರಿಂಗ್ ಹೆಚ್ಚು ಬಾಳುತ್ತವೆ. ರೀಲ್ ಕೊಳ್ಳುವಾಗ ಹಿಡಿಕೆ ತಿರುಗಿಸಿ ಅಲುಗಾಟ ನೋಡಿ, ದಾರ ಹಾದುಹೋಗುವ ರೋಲರ್ ತಿರುಗುತ್ತದೆಯೇ ನೋಡಿ, ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿಗಿತ, ಅಂದರೆ ಡ್ರ್ಯಾಗ್, ಸಡಿಲಿಸಿ ದಾರ ಎಳೆದಾಗ ಜರ್ಕ್ ಇಲ್ಲದೆ ಬರುತ್ತದೆಯೇ ನೋಡಿ. ‘ಗರಿಷ್ಠ ಡ್ರ್ಯಾಗ್ 10 ಕೆಜಿ’ ಎಂಬುದಕ್ಕೂ ಮರುಳಾಗಬೇಕಿಲ್ಲ. ಡ್ರ್ಯಾಗ್ ಅನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸುವುದು ರೂಢಿ, 12 ಕೆಜಿ ದಾರಕ್ಕೆ ಮೂರು-ನಾಲ್ಕು ಕೆಜಿ. ತೂಕದ ಸ್ಪ್ರಿಂಗ್ ಕಾಟಾ ಕಟ್ಟಿ ಎಳೆದರೆ ಮನೆಯಲ್ಲೇ ತಿಳಿಯುತ್ತದೆ.

ನುರಿತವರೆಲ್ಲ ಎಸೆದಾಗ ಸ್ಪೂಲೇ ತಿರುಗುವ ಬೇಟ್‌ಕಾಸ್ಟರ್ ರೀಲ್ ಹಿಡಿಯುತ್ತಾರೆ ಎಂಬ ಮಾತಿಗೆ ಮರುಳಾಗಿ ಮೊದಲ ರೀಲೇ ಅದನ್ನು ಕೊಳ್ಳುವವರು ಜಲಾಶಯದ ಎದುರುಗಾಳಿಗೆ ಎಸೆದು, ಸ್ಪೂಲ್ ದಾರಕ್ಕಿಂತ ಜೋರಾಗಿ ತಿರುಗಿ, ಗೊಂದಲದ ಗೂಡು ಬಿಡಿಸುತ್ತ ಕೂಡುತ್ತಾರೆ. ಹತ್ತು-ಹದಿನೈದು ಗ್ರಾಂ ಕಪ್ಪೆಗೆ ಸಾಧಾರಣ ಸ್ಪಿನ್ನಿಂಗ್ ರೀಲ್, 3000 ಅಳತೆಯದು, ಆರೂವರೆ-ಏಳಡಿಯ ಗಟ್ಟಿ ರಾಡ್ ಧಾರಾಳ ಸಾಕು. ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆ ತಿರುಗಿಸುತ್ತಲೇ ಇರಬೇಡಿ. ದಾರ ಒಳಗೆ ಬರುವುದಿಲ್ಲ, ಪ್ರತಿ ಸುತ್ತಿಗೂ ಹುರಿ ಏರುತ್ತದೆ.

“ಇದೆಲ್ಲ ಪರದೇಶದವರ ಶೋಕಿ”

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಾಳದ ಬೇಟೆಗೇ ಮೀಸಲಾದ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನಿನ ಬಗೆಗಳು, ಯಾವುದಕ್ಕೆ ಯಾವ ಆಹಾರ, ದಾರ, ಕೋಲು ಎಲ್ಲ ಅಲ್ಲಿ ಬರುತ್ತವೆ. ಮೀನುವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನವನ್ನೇ ಬರೆದರು. ರೀಲ್ ಕೂಡ ಯುರೋಪಿನ ಕೂಸಲ್ಲ. ಚೀನಾದ ಕಲಾವಿದ ಮಾ ಯುವಾನ್ ಸುಮಾರು 1195ರಲ್ಲಿ ಬರೆದ ಚಿತ್ರದ ಬೆಸ್ತನ ಕೋಲಿನಲ್ಲಿ ಅದು ಕಾಣುತ್ತದೆ. ಇಂಗ್ಲಿಷರ ಪಾಲೂ ಇದೆ: ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಗಾರಿಕೆಯ ಬಗ್ಗೆ ಬರೆದ ಹೆಸರಾಂತ ಪುಸ್ತಕ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ.

“ಕೆಂಪು ಮರಿಗಳ ಗುಂಪು ಕಂಡರೆ ಅಲ್ಲೇ ಲೂರ್ ಎಸೆ”

ಇದು ಸುಳ್ಳಲ್ಲ, ಸತ್ಯವೇ; ಅದಕ್ಕೇ ಹೆಚ್ಚು ಅಪಾಯಕಾರಿ. ಮಳೆಗಾಲದಲ್ಲಿ ಮರಲ್ ಮರಿಗಳು ಕೆಂಬಣ್ಣದ ಮುದ್ದೆಯಂತೆ ಒಟ್ಟಾಗಿ ಮೇಲೆ ಬಂದು ಗಾಳಿ ಕುಡಿದು ಇಳಿಯುತ್ತವೆ. ಕೆಳಗೆ ತಂದೆತಾಯಿ ಕಾವಲಿರುತ್ತವೆ. ಅಲ್ಲಿ ಏನು ಬಿದ್ದರೂ ಅವು ಎಗರುತ್ತವೆ. ಹಸಿವಿಗಲ್ಲ, ಮರಿಗಳನ್ನು ಕಾಯಲು. ಹಾಗೆ ಹಿಡಿದ ಒಂದು ಮೀನಿನ ಹಿಂದೆ ಇಡೀ ಗುಂಪು ಜಿಲೇಬಿ ಮೀನಿಗೂ ಬೆಳ್ಳಕ್ಕಿಗೂ ಆಹಾರವಾಗುತ್ತದೆ. ಅಂಥ ಕಡೆ ಲೂರ್ ಎಸೆಯುವುದನ್ನು ನಾನು ಬೇಟೆ ಎನ್ನಲಾರೆ. ಮರಿಗುಂಪು ಕಂಡರೆ ಲೂರ್ ಸುತ್ತಿಕೊಂಡು ಮುಂದೆ ನಡೆಯಬೇಕು.

ಎಲ್ಲಿ ಬೇಕಾದರೂ ಗಾಳ ಹಾಕಬಹುದು ಎಂಬುದೂ ತಪ್ಪು. ಜಲಾಶಯ, ಕೆರೆಗಳ ಮೀನಿನ ಹಕ್ಕನ್ನು ಪರವಾನಗಿ, ಗುತ್ತಿಗೆಗಳ ಮೂಲಕ ಕೊಟ್ಟಿರುತ್ತಾರೆ. ಮೀನುಗಾರಿಕೆ ಇಲಾಖೆಯಲ್ಲಿ, ಗುತ್ತಿಗೆ ಹಿಡಿದವರಲ್ಲಿ ಕೇಳಿಯೇ ಇಳಿಯಬೇಕು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರ ಒಡ್ಡಿನ ಹಿಂದೆ ನಿಂತ ನೀರು 1974ರಿಂದ ಘಟಪ್ರಭಾ ಪಕ್ಷಿಧಾಮ, ಅಲ್ಲಿ ಗಾಳ ಬೇಡವೇ ಬೇಡ. ಇನ್ನೊಂದು ಎಚ್ಚರ: ಕಾರ್ಬನ್ ರಾಡ್ ಪ್ಲಾಸ್ಟಿಕ್ಕಿನಂತೆ ಕಂಡರೂ ವಿದ್ಯುತ್ ಹರಿಯಬಿಡುತ್ತದೆ. ಕಬ್ಬಿನ ಗದ್ದೆಗೆ ನೀರೆತ್ತುವ ಪಂಪ್‌ಸೆಟ್‌ಗಳ ತಂತಿ ನಮ್ಮ ಹೊಳೆದಂಡೆಯುದ್ದಕ್ಕೂ ಜೋತುಬಿದ್ದಿರುತ್ತದೆ. ರಾಡ್ ಎತ್ತುವ ಮುನ್ನ ತಲೆಯೆತ್ತಿ ನೋಡಬೇಕು, ಗುಡುಗು ಕೇಳಿದೊಡನೆ ರಾಡ್ ನೆಲಕ್ಕಿಟ್ಟು ದೂರ ಸರಿಯಬೇಕು.

ಹಳೆಯ ದಾರ ದಂಡೆಯಲ್ಲಿ ಬಿಟ್ಟರೆ ಬಿಸಿಲಿಗೆ ಪುಡಿಯಾಗುತ್ತದೆ ಎನ್ನುತ್ತಾರೆ. ಬಿಸಿಲು ನೈಲಾನಿನ ಬಲ ಕಳೆಯುತ್ತದೆ, ಆದರೆ ಅದು ಪುಡಿಯಾಗಲು ಹಲವು ವರ್ಷ ಬೇಕು. ಫ್ಲೋರೋಕಾರ್ಬನ್‌ಗೆ ಬಿಸಿಲು ಹೆಚ್ಚೇನೂ ಮಾಡಲಾರದು. ಚಳಿಗಾಲಕ್ಕೆ ಘಟಪ್ರಭೆಯ ನೀರಿಗೆ ಬರುವ ಕರ್ಕರ ಕೊಕ್ಕರೆ, ಬಿಳಿ ಕೊಕ್ಕರೆಗಳು ಕೆಸರಿನಲ್ಲಿ ನಡೆಯುವ ಹಕ್ಕಿಗಳು, ಬಿಟ್ಟ ದಾರ ಕಾಲಿಗೆ ಸುತ್ತಿದರೆ ಬಿಡಿಸಿಕೊಳ್ಳಲಾರವು. ಸುಡಲೂ ಬೇಡಿ, ಫ್ಲೋರೋಕಾರ್ಬನ್ ಸುಟ್ಟ ಹೊಗೆ ವಿಷ. ಹೆಬ್ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಡಬ್ಬಿಗೆ ಹಾಕಿಕೊಂಡು ಮನೆಯ ಒಣಕಸಕ್ಕೆ ಸೇರಿಸಿ.