ನಿಮಗಿದು ಗೊತ್ತೆ? ಬಹುಮಾನವಾಗಿ ನಾಯಿ ಕೇಳಿದ ವೀರ!

ಯುದ್ಧ ಗೆದ್ದ ಖುಷಿಯಲ್ಲಿ ರಾಜ 'ಏನು ಬೇಕೋ ಕೇಳು' ಅಂದರೆ ಏನು ಕೇಳುತ್ತೀರಿ? ಮಣಲೆರ ಎಂಬ ವೀರ ಕೇಳಿದ್ದು ಒಂದು ನಾಯಿಯನ್ನು! ಹೆಸರು ಕಾಳಿ. ಗಂಗರ ದೊರೆ ಇಮ್ಮಡಿ ಬೂತುಗನ ಬೇಟೆನಾಯಿ ಅದು. ಚೋಳರ ವಿರುದ್ಧ ನಡೆದ 949ರ ತಕ್ಕೋಲಂ ಕಾಳಗದಲ್ಲಿ ಮಣಲೆರ ತೋರಿದ ಪರಾಕ್ರಮಕ್ಕೆ ಮೆಚ್ಚಿ ಬೂತುಗ ಕಾಳಿಯನ್ನು ಕೊಟ್ಟೇಬಿಟ್ಟ. ಊರು, ಭೂಮಿಯೂ ಸಿಕ್ಕವು, ಆ ಮಾತು ಬೇರೆ.

ಮುಂದೆ ಕೆಲಲೆ ನಾಡಿನಲ್ಲಿ ಕಾಳಿಯನ್ನು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಬಿಡದೆ ಸೆಣಸಿದವು. ಎರಡೂ ಸತ್ತವು.

ಮಣಲೆರ ಸುಮ್ಮನೆ ಮಣ್ಣು ಮಾಡಿ ಮರೆಯಲಿಲ್ಲ. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ಗುಡಿಯ ಎದುರು ನಾಯಿಗೇ ಕಲ್ಲು ನಿಲ್ಲಿಸಿದ. ಮೇಲೆ ನಾಯಿ-ಹಂದಿಯ ಕಾದಾಟದ ಉಬ್ಬುಶಿಲ್ಪ, ಜೊತೆಗೆ ಹಳಗನ್ನಡ ಶಾಸನ. ಕಲ್ಲಿನ ಪೂಜೆಗೆಂದು ಜಮೀನನ್ನೂ ಬಿಟ್ಟ. ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಪಾಪ, ಪೂಜಾರಿ!

ಈ ಕಲ್ಲು ಎಷ್ಟು ಹಳೆಯದು ಗೊತ್ತೆ? ನೆರೆಯ ಹಾಸನ ಜಿಲ್ಲೆಯ ಬೇಲೂರಿನಲ್ಲಿ ಚೆನ್ನಕೇಶವ ದೇಗುಲ ತಲೆಯೆತ್ತಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ದೇಗುಲಗಳು ಅದಕ್ಕೂ ಈಚಿನವು. ಕಾಳಿಯ ಕಲ್ಲು ಇವೆಲ್ಲಕ್ಕಿಂತ ಒಂದೂವರೆ ಶತಮಾನಕ್ಕೂ ಹೆಚ್ಚು ಹಳೆಯದು. ತಕ್ಕೋಲಂನಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ ಸುದ್ದಿಯನ್ನು ಇತಿಹಾಸಕಾರರು ಹುಡುಕುವುದೂ ಇದೇ ಕಲ್ಲಿನಲ್ಲಿ. ಈಗ ಅದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.